ಗಿಳಿ ಕಚ್ಚಿದ ಎಲಚಿ ಹಣ್ಣು

ಸಂಕ್ರಾಂತಿಯ ಮರುದಿನ, ಸಂಜೆ ಐದು ಗಂಟೆ ಹತ್ತು ನಿಮಿಷ. ಹೊತ್ತು ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣ ನಲ್ಲಿ. ವಿಜಯನಗರದ ನಮ್ಮ ಬಾಡಿಗೆ ಮನೆಗೆ ಆಗ ದಿನ ಬಿಟ್ಟು ದಿನ ಐದು ಗಂಟೆಗೆ ನೀರು ಬರುತ್ತಿತ್ತು. ಅರ್ಧ ಗಂಟೆ ಬಂದರೆ ಹೆಚ್ಚು. ಇನ್ನೆಷ್ಟು ಬಿಂದಿಗೆ ತುಂಬಬಹುದು ಎಂದು ನಾನು ಅಂಗಳದ ನಲ್ಲಿಯ ಮುಂದೆ ಕೂತುಕೊಂಡೇ ಕಿಟಕಿಯೊಳಗಿನ ಗೋಡೆ ಗಡಿಯಾರ ನೋಡಿದೆ. ಗಡಿಯಾರದ ಕೆಳಗೆ ಅಮ್ಮ ನಿಂತಿದ್ದಳು. ಅವಳ ಸೊಂಟದ ಮೇಲೆ ಅಣ್ಣನ ಮಗಳು, ಎರಡೂವರೆ ವರ್ಷದ ಪಾಪು. ಅಮ್ಮ ಹಕ್ಕಿಯ ಪಂಜರದೊಳಗೆ ಕೈಹಾಕಿ, ಹಕ್ಕಿ ಕಚ್ಚಿ ಬಿಟ್ಟಿದ್ದ ಎಲಚಿ ಹಣ್ಣೊಂದನ್ನು ತೆಗೆದು ಮಗುವಿನ ಬಾಯಿಗಿಟ್ಟಳು.

ನಾನು ನೋಡಿದೆ. ಬೇಡ ಎನ್ನಲಿಲ್ಲ. ಬಿಂದಿಗೆ ತುಂಬಿ ಚೆಲ್ಲುತ್ತಿತ್ತು. ಅದನ್ನು ಪಕ್ಕಕ್ಕೆಳೆದು ಇನ್ನೊಂದನ್ನು ಒಡ್ಡಿದೆ. ಒಳಗಿನಿಂದ ಒಂದು ಕೆಮ್ಮು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಆ ಏನೂ ಇಲ್ಲದ್ದಕ್ಕೇ ನಾನು ಎದ್ದು ಓಡಿದ್ದು.

ಆ ಹಕ್ಕಿ ನಮ್ಮ ಮನೆಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ಅಣ್ಣ ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸದಲ್ಲಿದ್ದ. ಅವನ ಜೊತೆಯವರೊಬ್ಬರು ಕೊಡಗಿನ ಕಡೆಯವರು. ದೀಪಾವಳಿಗೆ ಊರಿಗೆ ಹೋಗಿ ಬರುವಾಗ ಬಿದಿರು ಬುಟ್ಟಿಯಲ್ಲಿ ಅದನ್ನು ತಂದು ಅಣ್ಣನ ಕೈಗಿಟ್ಟಿದ್ದರು. ಗುಬ್ಬಿಯಷ್ಟೇ ದೊಡ್ಡದು. ಎಳೆ ಬಾಳೆಯೆಲೆಯ ಹಸಿರು ಮೈ, ಬಾಲದ ಬುಡದಲ್ಲಿ ಕುಂಕುಮ ಚೆಲ್ಲಿದಂಥ ಕೆಂಪು, ಕೊಕ್ಕು ಕೂಡ ಕೆಂಪೇ.

"ಬಗನಿ ಮರದ ಹೆಂಡದ ಗಡಿಗೆ ಹತ್ರ ಕುಡ್ದು ಬಿದ್ದಿತ್ತಂತೆ ಕಣೇ," ಅಂದ ಅಣ್ಣ. "ಎತ್ಕೊಂಡ್ರೂ ಎಚ್ಚರ ಇಲ್ವಂತೆ."

"ಸರಿಹೋಯ್ತು. ಈ ಮನೇಲಿ ಕುಡುಕರೊಬ್ರು ಇರ್ಲಿಲ್ಲ," ಅಂದಳು ಅಮ್ಮ. ಹಾಗೆ ಅಂದವಳೇ ಅದಕ್ಕೆ ಬಾಳೆಹಣ್ಣು ಸುಲಿದಳು.

ಅದು ಹಣ್ಣನ್ನು ಕುಕ್ಕುತ್ತಿರಲಿಲ್ಲ. ಕೊಕ್ಕನ್ನು ತಿರುಳಿಗೆ ಒತ್ತಿ, ಸಣ್ಣ ನಾಲಿಗೆಯಲ್ಲಿ ನೆಕ್ಕಿ, ರಸ ಹೀರಿ ಬಿಡುತ್ತಿತ್ತು. ಪಂಜರದ ಕಂಬಿಗಳ ಮೇಲೆ ಇಲಿಯ ಹಾಗೆ ಸರಸರ ಹತ್ತಿ ಇಳಿಯುತ್ತಿತ್ತು. ಮೊದಲ ದಿನ ಕತ್ತಲಾಗುವ ಹೊತ್ತಿಗೆ ಅತ್ತಿಗೆ ದೀಪ ಹಾಕಿ ಚೀರಿದ್ದು ಇನ್ನೂ ಕಿವಿಯಲ್ಲಿದೆ. ಹಕ್ಕಿ ಪಂಜರದ ಚಾವಣಿಯಿಂದ ತಲೆಕೆಳಗಾಗಿ ನೇತಾಡುತ್ತಿತ್ತು, ಒಣಗಲು ಹಾಕಿದ ಎಲೆಯ ಹಾಗೆ. ಸತ್ತಿದೆಯೆಂದೇ ನಾವೆಲ್ಲ ತಿಳಿದೆವು. ಅಣ್ಣ ಬೆರಳಿಂದ ಮುಟ್ಟಿದಾಗ ಒಂದು ಕಣ್ಣು ತೆರೆದು, ನಿದ್ದೆ ಕೆಡಿಸಿದವರನ್ನು ನೋಡುವ ಹಾಗೆ ನೋಡಿ ಮತ್ತೆ ಮುಚ್ಚಿಕೊಂಡಿತು. ಅದು ಮಲಗುವುದೇ ಹಾಗೆ. ಮಹಡಿಯ ಮೇಲಿದ್ದ ಓನರ್ ಆಂಟಿ ಮರುದಿನ ಇಣುಕಿ, "ಏನಮ್ಮಾ, ಬಾವಲಿ ಸಾಕಿದ್ದೀರಂತೆ? ತಲೆಕೆಳಗೆ ಮಲಗೋದು ಮನೇಲಿ ಇರ್ಬಾರ್ದು ಕಣ್ರೀ," ಅಂದು ಹೋದರು.

ನನಗೆ ಇದು ಅವಮಾನ ಅನ್ನಿಸಿತು. ನಾನು ಹಿಂದಿನ ವರ್ಷವಷ್ಟೇ ಬಿ.ಎಸ್ಸಿ. ಮುಗಿಸಿದ್ದೆ, ಪ್ರಾಣಿಶಾಸ್ತ್ರ ತೆಗೆದುಕೊಂಡು. ಕೆಲಸಕ್ಕೆ ಅರ್ಜಿ ಹಾಕುತ್ತ ಮನೆಯಲ್ಲಿದ್ದವಳಿಗೆ ಓದಿದ್ದನ್ನು ತೋರಿಸಲು ಒಂದು ಅವಕಾಶ ಬೇಕಿತ್ತು. ಹಳೆಯ ಕಾಲೇಜಿನ ಲೈಬ್ರರಿಗೆ ಹೋಗಿ ಹಕ್ಕಿಗಳ ಪುಸ್ತಕ ತೆಗೆಸಿ ಮಧ್ಯಾಹ್ನವೆಲ್ಲ ಕೂತೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಸಾರಿದೆ:

"ಇದು ಬಾವಲಿನೂ ಅಲ್ಲ, ಗುಬ್ಬಿನೂ ಅಲ್ಲ. ಚಿಟ್ಟುಗಿಳಿ. ಬೆಟ್ಟದ ಕಾಡಲ್ಲಿರೋದು. ಹಣ್ಣು, ಹೂವಿನ ರಸ ತಿನ್ನುತ್ತೆ."

ಅಕ್ಕಿ ಆರಿಸುತ್ತಿದ್ದ ಅಮ್ಮ ತಲೆಯೆತ್ತಿದಳು. "ಗಿಣಿನಾ?"

"ಗಿಣಿ ಜಾತಿನೇ."

"ನಿಜವಾಗ್ಲೂ?"

"ಪುಸ್ತಕದಲ್ಲಿದೆ ಅಮ್ಮ."

ಆ ಜಾತಿ ಮಾತು ಕಲಿಯುವುದಿಲ್ಲ ಎಂಬುದನ್ನೂ ಓದಿದ್ದೆ. ಹೇಳಲಿಲ್ಲ. ಹೇಳಬೇಕಾದ ವಿಷಯ ಅನ್ನಿಸಲಿಲ್ಲ.

ಪಾಪುವಿಗೆ ಮಾತು ಬಂದಿರಲಿಲ್ಲ. ಎರಡೂವರೆ ವರ್ಷವಾದರೂ "ಮ್" ಮತ್ತು "ಆ" ಬಿಟ್ಟರೆ ಇನ್ನೊಂದು ಅಕ್ಷರವಿಲ್ಲ. ಕರೆದರೆ ತಿರುಗುತ್ತಿದ್ದಳು, ಹೇಳಿದ್ದೆಲ್ಲ ತಿಳಿಯುತ್ತಿತ್ತು, ನಗುತ್ತಿದ್ದಳು. ಅಮ್ಮ ಅದನ್ನು ಬಾಯಿಬಿಟ್ಟು ಆಡದೆ ಒಳಗೇ ಕೊರಗುತ್ತಿದ್ದಳು. ಮಾತು ತಡವಾದ ಮಗುವಿಗೆ ಗಿಣಿ ಕಚ್ಚಿದ ಹಣ್ಣು ತಿನ್ನಿಸಿದರೆ ನಾಲಿಗೆ ತಿರುಗುತ್ತದೆ ಎಂಬುದು ಅವಳ ಅಮ್ಮನ ಕಾಲದಿಂದ ಬಂದ ನಂಬಿಕೆ. ಪೇಟೆಯಲ್ಲಿ ಗಿಣಿ ಕಚ್ಚಿದ ಹಣ್ಣು ಎಲ್ಲಿ ಸಿಗಬೇಕು? ಈಗ ಮನೆಯಲ್ಲೇ ಗಿಣಿಯಿದೆ ಎಂದು ಓದಿದ ಮಗಳೇ ಪುಸ್ತಕ ನೋಡಿ ಬಂದು ಹೇಳಿದಳು. ಅದುವರೆಗೆ ಅದು ಅಮ್ಮನ ಪಾಲಿಗೆ ಬರೀ ಒಂದು ಹಸಿರು ಹಕ್ಕಿ.

ಒಮ್ಮೆ ಅದು ನೆಕ್ಕಿದ ಸೀಬೆಹಣ್ಣಿನ ಹೋಳನ್ನು ಅಮ್ಮ ಮಗುವಿಗೆ ಕೊಡಹೋದಾಗ ಅತ್ತಿಗೆ ಕಿತ್ತುಕೊಂಡಿದ್ದರು. ಅತ್ತಿಗೆ ಬಸವೇಶ್ವರನಗರದ ಶಾಲೆಯೊಂದರಲ್ಲಿ ಟೀಚರು. ದನಿ ಏರಿಸುವವರಲ್ಲ. "ಹಕ್ಕಿ ಎಂಜಲು ನನ್ನ ಮಗೂಗೆ ಬೇಡ ಅತ್ತೆ. ಮಾತು ಬರೋವಾಗ ಬರುತ್ತೆ," ಅಂದರು. ಅವರು ಒಳಗೆ ಹೋದ ಮೇಲೆ ನಾನು ಅಮ್ಮನಿಗೆ, "ಕೊಡ್ಲೇಬೇಕು ಅಂದ್ರೆ ತೊಳ್ದು, ಬೀಜ ತೆಗ್ದು, ಹೆಚ್ಚಿ ಕೊಡು," ಎಂದಿದ್ದೆ.

"ಹೆಚ್ಚಿದ್ರೆ ಅದು ಈಳಿಗೆಮಣೆ ಕಚ್ಚಿದ ಹಣ್ಣಾಗುತ್ತೆ ಕಣೇ. ಈಳಿಗೆಮಣೆ ಮಾತಾಡುತ್ತಾ?"

ನಾನು ನಕ್ಕಿದ್ದೆ. ಮಾತಿನಲ್ಲಿ ಅಮ್ಮನನ್ನು ಗೆಲ್ಲುವುದು ಯಾರಿಂದಲೂ ಆಗುತ್ತಿರಲಿಲ್ಲ.

ಸಂಕ್ರಾಂತಿಯ ಸಂಜೆ ಪಾಪುವನ್ನು ಮಣೆಯ ಮೇಲೆ ಕೂರಿಸಿ, ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸೇರಿಸಿ ತಲೆಯ ಮೇಲೆ ಎರೆದು ಆರತಿ ಮಾಡಿದೆವು. ಬೀದಿಯ ಮಕ್ಕಳು ಆರಿಸಿಕೊಂಡು ಉಳಿದ ಹಣ್ಣನ್ನು ಅಮ್ಮ ಬಟ್ಟಲಲ್ಲಿ ತೆಗೆದಿಟ್ಟಳು. ಸಣ್ಣ ಜಾತಿಯ ನಾಟಿ ಎಲಚಿ, ಮಾಗಿ ಕಂದು ತಿರುಗಿದ್ದವು, ಒಳಗಿನ ಬೀಜ ಕಡಲೆಕಾಳಿಗಿಂತ ತುಸು ದಪ್ಪ. ಮರುದಿನ ಅತ್ತಿಗೆ ಶಾಲೆಗೆ ಹೋದ ಮೇಲೆ ಅವುಗಳಲ್ಲಿ ನಾಲ್ಕು ಪಂಜರದೊಳಗೆ ಹೋದವು. ಸಂಜೆ ಅತ್ತಿಗೆ ಬರುವ ಮುನ್ನ ಅವುಗಳಲ್ಲಿ ಒಂದು ಹೊರಗೆ ಬಂತು.

ನಾನು ಒಳಗೆ ಓಡಿದಾಗ ಪಾಪುವಿನ ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಅಮ್ಮ ಅವಳನ್ನು ಎದೆಗವಚಿಕೊಂಡು "ಕೃಷ್ಣಾ, ಕೃಷ್ಣಾ" ಎನ್ನುತ್ತಿದ್ದಳು. ನಾನು ಕಿತ್ತುಕೊಂಡು ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ಗುದ್ದಿದೆ. ಎಷ್ಟು ಸಲ ಗುದ್ದಿದೆನೋ ಗೊತ್ತಿಲ್ಲ. ಮಗು ಕೆಮ್ಮಿತು, ಒಂದು ಉದ್ದ ಉಸಿರು ಎಳೆದುಕೊಂಡಿತು, ಆಮೇಲೆ ಅತ್ತಿತು. ಬಾಯಿಂದ ಸಿಪ್ಪೆ ಬಂತು, ಜೊಲ್ಲು ಬಂತು. ಬೀಜ ಬರಲಿಲ್ಲ. ನೆಲವೆಲ್ಲ ತಡಕಿದೆ.

"ಒಳಗೆ ಹೋಗಿದೆ," ಅಂದಳು ಅಮ್ಮ. "ನಾವೆಲ್ಲ ಎಷ್ಟು ನುಂಗಿಲ್ಲ? ನಾಳೆ ಕೆಳಗಡೆ ಹೋಗುತ್ತೆ." ಹೊರಗೆ ನಲ್ಲಿ ಸುರಿಯುತ್ತಲೇ ಇತ್ತು. ಗೇಟಿನ ಸದ್ದಾಯಿತು. ಅಮ್ಮ ನನ್ನ ಕೈ ಹಿಡಿದುಕೊಂಡಳು. "ನಿಮ್ಮತ್ತಿಗೆಗೆ ಹೇಳ್ಬೇಡ ಕಣೇ. ನಿನ್ ದಮ್ಮಯ್ಯ."

ನಾನು ಹೇಳಲಿಲ್ಲ. ಮಗು ಆಗಲೇ ಅತ್ತಿಗೆಯ ಬ್ಯಾಗಿನಲ್ಲಿ ಕೈಯಾಡಿಸುತ್ತ ನಗುತ್ತಿತ್ತು. ನಗುವ ಮಗುವನ್ನು ನೋಡಿ, ಆಗಿಹೋದದ್ದು ಆಗಿಹೋಯಿತು ಅಂದುಕೊಂಡೆ.

ಅಂದು ರಾತ್ರಿಯೇ ಕೆಮ್ಮು ಶುರುವಾಯಿತು. ಮರುದಿನ ಮೈ ಬೆಚ್ಚಗಾಯಿತು. ಹತ್ತಿರದ ಕ್ಲಿನಿಕ್ಕಿನ ಡಾಕ್ಟರು, "ಹಬ್ಬದಲ್ಲಿ ಕಬ್ಬು ಗಿಬ್ಬು ತಿಂದು ನೆಗಡಿ ಆಗಿರ್ಬೇಕು," ಅಂದರು. ಅತ್ತಿಗೆ ಹೌದೆಂದರು. ನಾನು ಪಕ್ಕದಲ್ಲಿ ನಿಂತು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ. ಅವರದೇನೂ ತಪ್ಪಿಲ್ಲ, ನಾವು ಹೇಳಿದ್ದಕ್ಕೆ ಅವರು ಔಷಧಿ ಕೊಟ್ಟರು. ಎರಡನೆಯ ದಿನವೂ ಅದೇ ಸಿರಪ್ಪು, ಅದೇ ಕೆಮ್ಮು. ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಅಮ್ಮ ಬೆಳಿಗ್ಗೆ ಎದ್ದೊಡನೆ ಮಗುವಿನ ಲಂಗೋಟಿ ಬಿಚ್ಚಿ ಕಡ್ಡಿಯಲ್ಲಿ ಕೆದಕಿ ಕೆದಕಿ ಬೀಜ ಹುಡುಕುತ್ತಿದ್ದಳು. ಸಿಗದಿದ್ದಾಗ ನನ್ನ ಮುಖ ನೋಡುತ್ತಿದ್ದಳು. ಅತ್ತಿಗೆ, "ಏನು ಹುಡುಕ್ತಾ ಇದೀರಿ ಅತ್ತೆ?" ಅಂದರೆ, "ಜಂತುಹುಳ ಏನಾದ್ರೂ ಇದ್ಯಾ ಅಂತ," ಎನ್ನುತ್ತಿದ್ದಳು.

ಓನರ್ ಆಂಟಿ ಇಳಿದು ಬಂದು ಪಂಜರದತ್ತ ಬೆರಳು ತೋರಿಸಿದರು. "ನಾನು ಹೇಳ್ಲಿಲ್ವಾ? ಮೊದ್ಲು ಅದನ್ನ ಆಚೆ ಹಾಕಿ." ಅಣ್ಣನೂ ಕಳಿಸಿಬಿಡೋಣ ಅಂದ. ಬಾಯಿಬಾರದ ಹಕ್ಕಿಯ ಮೇಲೆ ತಪ್ಪು ಹೊರಿಸುತ್ತಿದ್ದುದನ್ನು ನಾನೂ ಅಮ್ಮನೂ ತೆಪ್ಪಗೆ ಕೇಳಿಸಿಕೊಂಡೆವು.

ನಾಲ್ಕನೆಯ ದಿನ ಮಧ್ಯಾಹ್ನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದೆ. ಯಾಕೋ ಅವಳ ಬೆನ್ನಿಗೆ ಕಿವಿಯಿಟ್ಟೆ. ಎಡಗಡೆ ಗಾಳಿ ಹೋಗಿ ಬರುವ ಸದ್ದು. ಬಲಗಡೆ ಸದ್ದೇ ಕಡಿಮೆ, ನಡುವೆ ಮುಚ್ಚಿದ ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗುವ ಹಾಗೆ ಒಂದು ಸಣ್ಣ ಸಿಳ್ಳು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ ಕಿವಿಯಿಟ್ಟೆ. ಉಸಿರಾಟದ ನಾಳ ಎಲ್ಲಿ ಕವಲೊಡೆಯುತ್ತದೆ ಎಂದು ನಾನೇ ರೆಕಾರ್ಡ್ ಪುಸ್ತಕದಲ್ಲಿ ಬಣ್ಣದ ಪೆನ್ಸಿಲಿನಲ್ಲಿ ಬರೆದಿದ್ದೆ. ಬೀಜ ಹೊಟ್ಟೆಗೆ ಹೋಗಿರಲಿಲ್ಲ. ಪಕ್ಕೆಲುಬುಗಳ ನಡುವಿನ ಚರ್ಮ ಪ್ರತಿ ಉಸಿರಿಗೂ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು.

ಅಂದು ಶನಿವಾರ, ಅತ್ತಿಗೆ ಆಗಷ್ಟೇ ಬಂದಿದ್ದರು. "ಆಟೋ ಕರೀತೀನಿ, ದೊಡ್ಡಾಸ್ಪತ್ರೆಗೆ," ಎಂದೆ. ಅವರು ಯಾಕೆಂದು ಕೇಳಲಿಲ್ಲ, ಮಗುವನ್ನು ನೋಡಿದರು. ಅಮ್ಮನೂ ಬಂದು ಕೂತಳು. ಟೋಲ್‌ಗೇಟ್ ದಾಟಿ ಮಾಗಡಿ ರೋಡಿಗೆ ಬಿದ್ದೆವು. ಬಿನ್ನಿಪೇಟೆಯ ಹತ್ತಿರ ಗಿರಣಿ ಬಿಟ್ಟು ಸೈಕಲ್ಲುಗಳು ರಸ್ತೆ ತುಂಬಿದ್ದವು. ಆಟೋದವನು ಹಾರ್ನ್ ಒತ್ತಿ ಒತ್ತಿ ಸಾಕಾಗಿ, ತಲೆ ಹೊರಗೆ ಹಾಕಿ ಕೂಗಿದ: "ಗುರೂ, ಮಗೂಗೆ ಉಸ್ರು ಕಟ್ಟೈತೆ, ಜಾಗ ಬಿಡ್ರೋ!" ಸೈಕಲ್ಲುಗಳು ಎರಡು ಪಾಲಾದವು. ಯಾರೋ ಇಬ್ಬರು ಮುಂದೆ ಮುಂದೆ ತುಳಿಯುತ್ತ ದಾರಿ ಮಾಡಿಕೊಟ್ಟರು. ಅವರ ಮುಖ ನಾನು ನೋಡಲೇ ಇಲ್ಲ.

ಆಸ್ಪತ್ರೆಯಲ್ಲಿ ವಯಸ್ಸಾದ ಒಬ್ಬ ಲೇಡಿ ಡಾಕ್ಟರು. ಎದೆಗೆ ಕೊಳವೆಯಿಟ್ಟು ಕೇಳಿದವರೇ ಅತ್ತಿಗೆಯ ಕಡೆ ತಿರುಗಿದರು. "ಏನಾದ್ರೂ ನುಂಗಿತೇನಮ್ಮಾ? ಕಡಲೆಕಾಯಿ, ಕಡಲೆ, ಏನಾದ್ರೂ? ಎಳ್ಳುಬೆಲ್ಲ ಕೊಟ್ರಾ?"

"ಇಲ್ಲ ಮೇಡಮ್. ನಾನು ಸಕ್ಕರೆ ಅಚ್ಚು ಬಿಟ್ರೆ ಏನೂ ಕೊಟ್ಟಿಲ್ಲ."

"ಸರಿಯಾಗಿ ಯೋಚ್ನೆ ಮಾಡಿ ಹೇಳಿ. ಬರೀ ಕಫ ಅಂದ್ರೆ ಒಂದು ದಾರಿ. ಏನಾದ್ರೂ ಸಿಕ್ಕಾಕೊಂಡಿದೆ ಅಂದ್ರೆ ಬೇರೆ ದಾರಿ. ಎಕ್ಸ್‌ರೇಲಿ ಎಲ್ಲಾ ಕಾಣಲ್ಲ."

"ಎಲಚಿ ಹಣ್ಣು," ಎಂದೆ ನಾನು. ಅತ್ತಿಗೆ ನನ್ನತ್ತ ತಿರುಗಿದರು.

"ಯಾವಾಗ?"

"ಹಬ್ಬದ ಮಾರನೇ ದಿನ. ಐದು ಗಂಟೆ ಹತ್ತು ನಿಮಿಷಕ್ಕೆ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ನಿಮಿಷ ಕೂಡ ಗೊತ್ತು ನಿಂಗೆ. ಮೂರು ದಿನ ಏನಮ್ಮಾ ಮಾಡ್ತಾ ಇದ್ದೆ?"

ಅಮ್ಮ ಹಿಂದಿನಿಂದ ಮುಂದೆ ಬಂದು ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. "ಅವಳನ್ನ ಬೈಬೇಡಿ ತಾಯಿ. ತಿನ್ಸಿದ್ದು ನಾನು, ಹೇಳ್ಬೇಡ ಅಂದಿದ್ದೂ ನಾನು. ಗಿಣಿ ಕಚ್ಚಿದ ಹಣ್ಣು. ಮಗೂಗೆ ಮಾತು ಬರ್ಲಿ ಅಂತ."

ಡಾಕ್ಟರು ಅದನ್ನೂ ಬರೆದುಕೊಂಡರು. ಆಮೇಲೆ, "ಮೊದ್ಲು ಉಸಿರು ಬರ್ಲಿ ಅಜ್ಜಿ. ಮಾತು ಆಮೇಲೆ ನೋಡ್ಕೊಳ್ಳೋಣ," ಎಂದು ನರ್ಸನ್ನು ಕರೆದರು. ಅತ್ತಿಗೆ ಮಗುವನ್ನೆತ್ತಿಕೊಂಡು ನರ್ಸಿನ ಹಿಂದೆ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಮಗುವಿನ ಗಂಟಲೊಳಗೆ ಕೊಳವೆ ಇಳಿಸಿ ಬೀಜ ತೆಗೆದರು. ಮುಕ್ಕಾಲು ಗಂಟೆ ಹಿಡಿಯಿತು. ಅಣ್ಣ ವರಾಂಡದ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಬಾಗಿಲು ತೆರೆದು ಡಾಕ್ಟರೇ ಹೊರಗೆ ಬಂದರು. ಅವರ ಕೈಯಲ್ಲಿದ್ದ ತಟ್ಟೆಯಲ್ಲಿ ಹತ್ತಿಯ ಮೇಲೆ ಆ ಬೀಜ, ಕಪ್ಪಾಗಿ, ಒಂದು ತುದಿ ಚೂಪಾಗಿ. "ಬಲಗಡೆ ಕವಲಲ್ಲೇ ಕೂತಿತ್ತು. ಇನ್ನೆರಡು ದಿನ ತಡ ಆಗಿದ್ರೆ..." ಎಂದು ಅಷ್ಟಕ್ಕೇ ಬಿಟ್ಟರು. ಅಣ್ಣ ಬೆಂಚಿನ ಮೇಲೆ ಕುಸಿದು ಕೂತ. ಅಮ್ಮ ಗೋಡೆಗೆ ಹಣೆಯೊತ್ತಿ ನಿಂತಳು. ಒಳಗಿನಿಂದ ಪಾಪು ಅಳುವುದು ಕೇಳಿಸಿತು. ಗಂಟಲು ಕಟ್ಟಿದ ಒರಟು ಅಳು. ಅಂಥ ಇಂಪಾದ ಸದ್ದು ನಾನು ಮತ್ತೆ ಕೇಳಿಲ್ಲ. ಈಗಲೇ ಹೇಳಿಬಿಡುತ್ತೇನೆ, ಆ ಮಗುವಿಗೆ ಏನೂ ಆಗಲಿಲ್ಲ. ಮೂರು ತುಂಬಿದ ಮೇಲೆ ಮಾತೂ ಬಂತು. ಈಗ ಅವಳು ಫೋನು ಹಿಡಿದರೆ ಬೇರೆಯವರಿಗೆ ಸಂದು ಸಿಗುವುದಿಲ್ಲ.

ಬಟ್ಟೆಬರೆ ತರಲು ಅಂದು ಮಧ್ಯಾಹ್ನ ನಾನೊಬ್ಬಳೇ ಮನೆಗೆ ಬಂದೆ. ಬೀಗ ತೆಗೆದಾಗಲೇ ಹಕ್ಕಿಯ ನೆನಪಾದದ್ದು. ಒಂದು ದಿನವಿಡೀ ಯಾರೂ ಅದಕ್ಕೆ ಏನೂ ಹಾಕಿರಲಿಲ್ಲ. ಬಟ್ಟಲು ಒಣಗಿತ್ತು. ಹಾಡಹಗಲಲ್ಲಿ ಅದು ಚಾವಣಿಯಿಂದ ತಲೆಕೆಳಗಾಗಿ ಜೋತಿತ್ತು, ಮೈ ಉಬ್ಬಿಸಿಕೊಂಡು. ಮುಟ್ಟಲು ಧೈರ್ಯವಾಗಲಿಲ್ಲ. ಅಮ್ಮನ ಪೂಜೆಯ ತಟ್ಟೆಯಿಂದ ಬಾಳೆಹಣ್ಣೊಂದನ್ನು ತಂದು, ಸುಲಿದು, ಕೊಕ್ಕಿನ ಹತ್ತಿರ ಹಿಡಿದೆ. ಬಹಳ ಹೊತ್ತು ಹಿಡಿದೇ ಇದ್ದೆ. ಕಣ್ಣು ತೆರೆಯಿತು. ತಲೆಕೆಳಗಾಗಿಯೇ ನಾಲಿಗೆ ಚಾಚಿ ನೆಕ್ಕತೊಡಗಿತು. ಆಸ್ಪತ್ರೆಯಲ್ಲಿ ಎಲ್ಲರೂ ಅಳುವಾಗ ನನಗೆ ಅಳು ಬಂದಿರಲಿಲ್ಲ. ಅಲ್ಲಿ, ಖಾಲಿ ಮನೆಯಲ್ಲಿ, ಆ ಗುಬ್ಬಿಗಾತ್ರದ ಹಕ್ಕಿಯ ಮುಂದೆ ಬಾಳೆಹಣ್ಣು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ.

ಪಾಪು ಮನೆಗೆ ಬರುವಷ್ಟರಲ್ಲಿ ಹಕ್ಕಿಯನ್ನು ಅಣ್ಣ ಅದೇ ಬಿದಿರು ಬುಟ್ಟಿಯಲ್ಲಿ ವಾಪಸು ಕಳಿಸಿದ್ದ. ಅವನ ಜೊತೆಯವರು ಊರಿಂದ ಬಂದು ಹೇಳಿದರಂತೆ: ತೋಟದಲ್ಲಿ ಹಾಲವಾಣದ ಮರ ಹೂಬಿಟ್ಟಿತ್ತು, ಬುಟ್ಟಿಯ ಮುಚ್ಚಳ ತೆಗೆದೊಡನೆ ಹಾರಿ ಅದರ ಕೊಂಬೆಗೆ ಹೋಯಿತು, ಅಲ್ಲಿ ಅಂಥವೇ ಇನ್ನೂ ಐದಾರು ಇದ್ದವು, ಆಮೇಲೆ ಯಾವುದು ನಿಮ್ಮದು ಅಂತ ತಿಳಿಯಲಿಲ್ಲ. ಅಮ್ಮ ಎರಡು ಸಲ ಕೇಳಿದಳು, "ಹಾರ್ತಂತಾ? ಚೆನ್ನಾಗಿ ಹಾರ್ತಂತಾ?" ಅಣ್ಣ ಎರಡು ಸಲವೂ ಹೌದೆಂದ.

ಅಪಾಯ ಕಳೆದಿತ್ತು, ನಿದ್ದೆ ಮಾತ್ರ ಬರಲಿಲ್ಲ. ಮಗು ಹೊರಳಿದರೆ ನಾಲ್ಕು ಜನ ಎದ್ದು ಕೂರುತ್ತಿದ್ದೆವು. ಅವಳು ಸದ್ದಿಲ್ಲದೆ ಮಲಗಿದರೆ ಇನ್ನೂ ಭಯ. ಅತ್ತಿಗೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದರು, ಅವರು ಮಲಗಿದ ಮೇಲೆ ಅಮ್ಮ ಕದ್ದು ಬಂದು ನೋಡುತ್ತಿದ್ದಳು. ಅತ್ತಿಗೆ ನನ್ನ ಜೊತೆ ಬೇಕಾದಷ್ಟು ಮಾತ್ರ ಆಡುತ್ತಿದ್ದರು, ಅಮ್ಮನ ಜೊತೆ ಅದೂ ಇಲ್ಲ. ಅಮ್ಮ ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದಳು. ಪಾಪು ಕೈ ಚಾಚಿದರೆ ಸೊಸೆಯ ಮುಖ ನೋಡಿ ಅಡಿಗೆಮನೆಗೆ ಹೋಗುತ್ತಿದ್ದಳು. ನಾನು ಕಣ್ಣು ಮುಚ್ಚಿದರೆ ಬಿಂದಿಗೆ ತುಂಬಿ ಚೆಲ್ಲುವುದು ಕಾಣುತ್ತಿತ್ತು. ಈಗಲೂ ಪಕ್ಕದ ಕೋಣೆಯಲ್ಲಿ ಯಾರಾದರೂ ಒಮ್ಮೆ ಕೆಮ್ಮಿ ಸುಮ್ಮನಾದರೆ ನಾನು ಇನ್ನೊಂದು ಕೆಮ್ಮಿಗೆ ಕಾಯುತ್ತೇನೆ.

ರಥಸಪ್ತಮಿಯ ಹಿಂದಿನ ಸಂಜೆ ಪಾಪುವನ್ನು ಕೊನೆಯ ಸಲ ಆಸ್ಪತ್ರೆಗೆ ತೋರಿಸಿಕೊಂಡು ಬಂದೆವು. ಡಾಕ್ಟರು ಎರಡೂ ಕಡೆ ಕೇಳಿ, ಕೊಳವೆಯನ್ನು ತಮ್ಮ ಕಿವಿಯಿಂದ ತೆಗೆದು ಅತ್ತಿಗೆಯ ಕಿವಿಗೆ ಸಿಕ್ಕಿಸಿದರು. ಅತ್ತಿಗೆ ಕೇಳಿದರು. ಆಮೇಲೆ ಅವರಾಗಿಯೇ ಅದನ್ನು ತೆಗೆದು ನನ್ನ ಕಿವಿಗಿಟ್ಟರು. ಎಡಗಡೆ ಇದ್ದಂತೆಯೇ ಬಲಗಡೆ. ಸಿಳ್ಳು ಇರಲಿಲ್ಲ.

ರಥಸಪ್ತಮಿಯಂದು ಸೂರ್ಯ ಹುಟ್ಟುವ ಮೊದಲೇ ಎಕ್ಕದೆಲೆ ಇಟ್ಟುಕೊಂಡು ತಲೆಗೆ ನೀರು ಹಾಕಿಕೊಳ್ಳಬೇಕು. ಅಮ್ಮ ಒಂದು ವರ್ಷವೂ ತಪ್ಪಿಸಿದವಳಲ್ಲ. ಎಲೆಗಳನ್ನು ಬಚ್ಚಲಿನಲ್ಲಿ ಜೋಡಿಸಿಟ್ಟು ಮಲಗಿದ್ದಳು. ನಾನು ಕಣ್ಣು ಬಿಟ್ಟಾಗ ಬಿಸಿಲು ಕಿಟಕಿಯಿಂದ ಇಳಿದು ಚಾಪೆಯ ನಡುವಿಗೆ ಬಂದಿತ್ತು. ಗಡಿಯಾರದಲ್ಲಿ ಏಳೂ ಮುಕ್ಕಾಲು. ಅಣ್ಣ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅಮ್ಮ ಗೋಡೆಯ ಕಡೆ ತಿರುಗಿ, ಸೆರಗು ಮುಖದ ಮೇಲೆಳೆದುಕೊಂಡು ಮಲಗಿಯೇ ಇದ್ದಳು. ರಾತ್ರಿಯೆಲ್ಲ ಒಬ್ಬರೂ ಎದ್ದಿರಲಿಲ್ಲ.

ಅತ್ತಿಗೆ ಆಗಲೇ ಎದ್ದು ಬಾಗಿಲಲ್ಲಿ ನಿಂತಿದ್ದರು, ಕೂದಲು ಕೆದರಿಕೊಂಡು, ಕೈಯಲ್ಲಿ ಖಾಲಿ ಹಾಲಿನ ಪಾತ್ರೆ. ಬೂತ್ ಮುಚ್ಚಿ ಎಷ್ಟೋ ಹೊತ್ತಾಗಿತ್ತು. ಅವರು ಅಮ್ಮನನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ ಬಗ್ಗಿ, ನಿದ್ದೆಯಲ್ಲಿದ್ದ ಪಾಪುವನ್ನು ನಿಧಾನವಾಗಿ ಎತ್ತಿ, ತಂದು ಅಮ್ಮನ ಮಗ್ಗುಲಲ್ಲಿ ಮಲಗಿಸಿದರು.

ಅಮ್ಮ ಬೆಚ್ಚಿ ಎದ್ದು ಕೂತಳು. "ಏನಾಯ್ತು? ಮಗೂಗೆ ಏನಾಯ್ತು?"

"ಏನೂ ಆಗಿಲ್ಲ ಅತ್ತೆ. ಹಾಲು ಸಿಗ್ಲಿಲ್ಲ, ಅಷ್ಟೇ," ಅಂದರು ಅತ್ತಿಗೆ. "ಸೂರ್ಯ ಆಗ್ಲೇ ಟೋಲ್‌ಗೇಟ್ ದಾಟಿದಾನೆ. ಇನ್ನು ಎದ್ದು ಏನು ಮಾಡ್ತೀರಿ, ಇನ್ನೊಂದರ್ಧ ಗಂಟೆ ಮಲ್ಕೊಳ್ಳಿ."

ಅಮ್ಮ ಮಗುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ಮತ್ತೆ ಮಲಗಿದಳು.